ಜಾವಾ: ಮೊದಲ ಸಾಲುಗಳು

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಏನನ್ನೇ ಇಟ್ಟುಕೊಳ್ಳುವುದಾದರೂ ಅದು ಯಾವ ಬಗೆಯದೆಂದು ಸಾಮಾನ್ಯವಾಗಿ ಮೊದಲೇ ಹೇಳಬೇಕು. ಪೂರ್ಣಾಂಕಕ್ಕೆ ಇಂಟ್, ದಶಮಾಂಶಕ್ಕೆ ಡಬಲ್, ಹೌದು–ಅಲ್ಲ ಎಂಬುದಕ್ಕೆ ಬೂಲಿಯನ್, ಬರಹಕ್ಕೆ ಸ್ಟ್ರಿಂಗ್. ಆಮೇಲೆ ಹೆಸರು, ಸಮಚಿಹ್ನೆ, ಬೆಲೆ, ಕೊನೆಗೊಂದು ಸೆಮಿಕೋಲನ್:

ಇಂಟ್ ಮೊತ್ತ = 125;

ಇಂಟ್ ಎಂದು ಹೇಳಿದ ಕಡೆ ಬರಹ ತುಂಬಲು ಹೋದರೆ, ನಾವು ಬರೆದದ್ದನ್ನು ಓಡಿಸಬಲ್ಲ ರೂಪಕ್ಕೆ ತರುವ ಕಂಪೈಲರ್ ಅಲ್ಲಿಯೇ ತಡೆಯುತ್ತದೆ. ಹೊಸಬರಿಗೆ ಇದು ಕಿರಿಕಿರಿ ಅನ್ನಿಸುವುದುಂಟು. ಆದರೆ ಪ್ರೋಗ್ರಾಮ್ ಓಡುವ ಮೊದಲೇ ತಪ್ಪು ಸಿಕ್ಕುವುದು ದೊಡ್ಡ ಉಪಕಾರ.

1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಹೊರತಂದ, ಜೇಮ್ಸ್ ಗಾಸ್ಲಿಂಗ್ ರೂಪಿಸಿದ ಈ ಭಾಷೆ, ಬೇರೆ ಬೇರೆ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಮೇಲೆ ನಿಂತಿದೆ. ಹೀಗಾಗಿ ಇಂಟ್, ಇಫ್‌ನಂಥ ಮೀಸಲು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕಾದರೂ ‘ಮೊತ್ತ’ ಎಂಬ ವೇರಿಯಬಲ್, ಅಂದರೆ ಬೆಲೆಗೆ ನಾವಿಟ್ಟ ಹೆಸರು, ಕನ್ನಡ ಲಿಪಿಯಲ್ಲೇ ಇರಬಹುದು. ಕನ್ನಡ ಶಾಲೆಯಿಂದ ಬಂದವರು ಕಲಿಯುವ ದಿನಗಳಲ್ಲಿ ಈ ಅನುಕೂಲವನ್ನು ಧಾರಾಳವಾಗಿ ಬಳಸಿಕೊಳ್ಳಬೇಕು.

ಕನ್ನಡ ಬರಹದ ಉದ್ದ ಅಳೆಯುವಾಗ ಮಾತ್ರ ಎಚ್ಚರ ಬೇಕು. ಬೆಂಗಳೂರಿನ ಪಶ್ಚಿಮದ ‘ಮೂಡಲಪಾಳ್ಯ’ವನ್ನು ಸ್ಟ್ರಿಂಗ್ ಆಗಿ ಕೊಟ್ಟು ಲೆಂಗ್ತ್ ಕೇಳಿದರೆ ಉತ್ತರ 9. ಓದುವವರಿಗೆ ಕಾಣುವುದು ಐದೇ ಅಕ್ಷರ. ಜಾವಾ ವ್ಯಂಜನ, ಸ್ವರಚಿಹ್ನೆ, ಹಲಂತ ಚಿಹ್ನೆಗಳನ್ನು ಬಿಡಿಬಿಡಿಯಾಗಿ ಎಣಿಸುತ್ತದೆ: ‘ಮೂ’ ಎರಡು, ‘ಡ’ ಒಂದು, ‘ಲ’ ಒಂದು, ‘ಪಾ’ ಎರಡು, ‘ಳ್ಯ’ ಮೂರು. ಫಾರಂನಲ್ಲಿ ಹೆಸರಿಗೆ ಇಷ್ಟೇ ಅಕ್ಷರವೆಂದು ಮಿತಿ ಹಾಕುವ ಪ್ರೋಗ್ರಾಮ್ ಬರೆಯುವವರು ಇದನ್ನು ಮರೆತರೆ ಕನ್ನಡದ ಹೆಸರುಗಳು ಅರ್ಧಕ್ಕೇ ತುಂಡಾಗುತ್ತವೆ.

ಲೆಕ್ಕದಲ್ಲೂ ಬಗೆಯೇ ಮುಖ್ಯ. ದರ್ಶಿನಿಯಲ್ಲಿ 125 ರೂಪಾಯಿ ಬಿಲ್ಲನ್ನು ಇಬ್ಬರು ಹಂಚಿಕೊಂಡರೆ ತಲೆಗೆ ಅರವತ್ತೆರಡೂವರೆ. ಜಾವಾದಲ್ಲಿ 125 / 2 ಎಂದು ಬರೆದರೆ ಬರುವುದು 62. ಎರಡೂ ಪೂರ್ಣಾಂಕವಾದ್ದರಿಂದ ಉತ್ತರವೂ ಪೂರ್ಣಾಂಕವೇ. ಐವತ್ತು ಪೈಸೆ ಸದ್ದಿಲ್ಲದೆ ಹೋಯಿತು. ಕಂಪೈಲರ್ ಇದನ್ನು ತಪ್ಪೆನ್ನುವುದಿಲ್ಲ. 125 / 2.0 ಎಂದರೆ 62.5 ಸಿಗುತ್ತದೆ.

ಷರತ್ತು ನೋಡಿ ದಾರಿ ಬದಲಿಸಲು ಇಫ್ ಮತ್ತು ಎಲ್ಸ್, ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಲು ಫಾರ್ ಮತ್ತು ವೈಲ್ ಇವೆ. ಇವುಗಳ ಒಳಗಿನ ಸಾಲುಗಳು ಪುಷ್ಪಾವರಣದಲ್ಲಿ ಇರುತ್ತವೆ. ಒಂದೇ ಸಮಚಿಹ್ನೆ ಬೆಲೆಯನ್ನು ತುಂಬುತ್ತದೆ, ಜೋಡಿ ಸಮಚಿಹ್ನೆ ಹೋಲಿಸುತ್ತದೆ. ಆದರೆ ಎರಡು ಸ್ಟ್ರಿಂಗ್‌ಗಳ ಬರಹ ಒಂದೇ ಆಗಿದೆಯೇ ಎಂದು ನೋಡಲು ಈಕ್ವಲ್ಸ್ ಬಳಸಬೇಕು.

ಈ ಸಾಲುಗಳೆಲ್ಲವೂ ಕ್ಲಾಸ್ ಎಂಬ ಚೌಕಟ್ಟಿನೊಳಗೆ ಇರುತ್ತವೆ. ಪ್ರೋಗ್ರಾಮ್ ಶುರುವಾಗುವುದು ಹೆಸರಿಟ್ಟ ಸಾಲುಗಳ ಗುಂಪಾದ ಮೇನ್ ಎಂಬ ಮೆಥಡ್‌ನಿಂದ. ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್ ಎಂಬ ಉದ್ದನೆಯ ಸಾಲನ್ನು ಅರ್ಥವಾಗದೆಯೇ ಬಾಯಿಪಾಠ ಮಾಡುವ ಪಾಡು ಹೊಸಬರಿಗೆ ಬಹಳ ಕಾಲ ಇತ್ತು. 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25ರಲ್ಲಿ ಚಿಕ್ಕ ಪ್ರೋಗ್ರಾಮಿಗೆ ಕ್ಲಾಸನ್ನು ಬರೆಯದೆ ವಾಯ್ಡ್ ಮೇನ್ ಎಂದಷ್ಟೇ ಬರೆದರೂ ಸಾಕು.