ಅಪ್ಪನ ಶನಿವಾರ

ಶ್ರಾವಣದ ಶನಿವಾರ ಬಂತೆಂದರೆ ಮೇಲವಂಕಿಯ ನಮ್ಮ ತವರಿನಲ್ಲಿ ಅಪ್ಪ ನಸುಕಿಗೇ ಎದ್ದು ಜಳಕ ಮುಗಿಸಿ ಕಲ್ಲೋಳಿ ಹಣಮಪ್ಪನ ದರ್ಶನಕ್ಕೆ ಸಿದ್ಧ. ಸಂಜೆವರೆಗೆ ಹೊಟ್ಟೆಗೆ ಒಂದು ಕಪ್ ಚಹಾ ಅಷ್ಟೇ. ವಯಸ್ಸು 76, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ನಿಮ್ಮ ಮನೆಯಲ್ಲೂ ಇಂಥ ಹಿರಿಯರು ಇದ್ದಾರಾ? ಹಾಗಾದ್ರೆ ಈ ಮಾತು ನಿಮಗೇ.

ಹೋದ ವರ್ಷ ಅಂಥದೇ ಒಂದು ಶನಿವಾರ ಗುಡಿಯಿಂದ ಬಂದವರು ಕಟ್ಟೆ ಮೇಲೆ ಕುಸಿದು ಕೂತರು. ಅಂಗಿಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ದಣಿವಿರಬೇಕು ಅಂತ ವೈನಿ ನೀರು ತಂದರು. ಮನೆಯಲ್ಲಿದ್ದ ಯಂತ್ರದಲ್ಲಿ ನೋಡಿದರೆ ಸಕ್ಕರೆ 52! ಊಟ ಮಾಡಿರಲಿಲ್ಲ, ಆದರೆ ಬೆಳಗಿನ ಗುಳಿಗೆ ಮಾತ್ರ ಮರೆಯದೆ ನುಂಗಿದ್ದರು. ‘ಡಾಕ್ಟರು ಒಂದಿನಾನೂ ಬಿಡಬ್ಯಾಡ್ರಿ ಅಂದಾರಲ್ಲ’ ಅಂತ ನಮಗೇ ಪ್ರಶ್ನೆ. ದೇವರ ಮಾತೂ ಮೀರಲಿಲ್ಲ, ಡಾಕ್ಟರ ಮಾತೂ ಮೀರಲಿಲ್ಲ!

ಸುದ್ದಿ ಕೇಳಿ ಓಡಿ ಹೋದ ನಾನು ‘ಈ ವಯಸ್ಸಿಗೆ ಉಪವಾಸ ಯಾಕ ಬೇಕು?’ ಎಂದು ಸಿಟ್ಟಾದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ನಿಮ್ಮವ್ವ ಹೋದಳು. ಹೊಲ ನಿಮ್ಮಣ್ಣನ ಕೈಯಾಗ ಕೊಟ್ಟೆ. ಗುಳಿಗಿ ಡಾಕ್ಟರು ಹೇಳಿದಂಗ, ಊಟ ನಿಮ್ಮ ವೈನಿ ನೀಡಿದಂಗ. ಶನಿವಾರ ಒಂದ ನನ್ನ ಕೈಯಾಗ ಉಳದೈತಿ ತಂಗಿ, ಅದನ್ನೂ ಕಸ್ಕೋತೀರೇನ?’

ನನ್ನ ಬಾಯಿ ಕಟ್ಟಿತು. ಮೊದಲೂ ಎರಡು ಸಲ ಹೀಗೆ ತಲೆ ತಿರುಗಿತ್ತಂತೆ. ಹೇಳಿದರೆ ಉಪವಾಸ ಬಿಡಿಸ್ತೀವಿ ಅಂತ ಮುಚ್ಚಿಟ್ಟಿದ್ದರು. ಅಂದರೆ ಅಪಾಯ ಇದ್ದದ್ದು ಉಪವಾಸಕ್ಕಿಂತ ಹೆಚ್ಚಾಗಿ ಈ ಮುಚ್ಚುಮರೆಯಲ್ಲಿ.

ಮರುವಾರ ಡಾಕ್ಟರ ಮುಂದೆ ಉಪವಾಸದ ವಿಷಯ ಬಿಚ್ಚಿ ಹೇಳಿದೆವು. ಗ್ಲಿಮೆಪಿರೈಡ್, ಗ್ಲಿಬೆಂಕ್ಲಮೈಡ್‌ನಂಥ ಗುಳಿಗೆಗಳು ಊಟ ಇರಲಿ ಬಿಡಲಿ, ಇನ್ಸುಲಿನ್ ಸ್ರವಿಸುವಂತೆ ಮಾಡುತ್ತವೆ. ಹೊಟ್ಟೆ ಖಾಲಿ ಇದ್ದರೆ ಸಕ್ಕರೆ ಜರ್ರನೆ ಇಳಿಯುತ್ತದೆ. ಮುಪ್ಪಿನಲ್ಲಿ ಮೂತ್ರಪಿಂಡ ನಿಧಾನವಾದರಂತೂ ಔಷಧಿ ಮೈಯಲ್ಲಿ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ಡಾಕ್ಟರು ಉಪವಾಸದ ದಿನಕ್ಕೆಂದೇ ಬೇರೆ ಪ್ರಮಾಣ ಬರೆದುಕೊಟ್ಟರು. ದಯವಿಟ್ಟು ಇದನ್ನು ನೀವಾಗಿಯೇ ಮಾಡಬೇಡಿ, ಪ್ರತಿಯೊಬ್ಬರ ಲೆಕ್ಕ ಬೇರೆ.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ ತಡಮಾಡದೆ ಮೂರು ಸಣ್ಣ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ, ಏರಿದ ಮೇಲೆ ಏನಾದರೂ ಉಣ್ಣಿಸಿ. ಈ ಗುಳಿಗೆಗಳಿಂದ ಇಳಿದ ಸಕ್ಕರೆ ಕೆಲವು ತಾಸಿನ ನಂತರ ಮತ್ತೆ ಇಳಿಯಬಹುದು, ಹಾಗಾಗಿ ಡಾಕ್ಟರಿಗೆ ತಿಳಿಸಲೇಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆಗೆ ನಡೆಯಿರಿ.

ಇನ್ನು ಅಪ್ಪನನ್ನು ಒಪ್ಪಿಸುವುದು! ‘ಹಾಲು, ಬಾಳೆಹಣ್ಣು ಫಲಾಹಾರ, ಅದರಿಂದ ಉಪವಾಸ ಮುರಿಯೂದಿಲ್ಲ’ ಎಂದು ವೈನಿಯೇ ತೀರ್ಪು ಕೊಟ್ಟರು. ರಾತ್ರಿ ತಾಟುತುಂಬ ಸಾಬೂದಾಣಿ ಖಿಚಡಿ ಉಣ್ಣುವುದಕ್ಕೂ ಕತ್ತರಿ ಬಿತ್ತು, ಅದು ಸಕ್ಕರೆಯನ್ನು ಮೇಲಕ್ಕೇರಿಸುತ್ತದೆ. ಜೇಬಿನಲ್ಲಿ ಬೆಲ್ಲದ ಚೂರು ಇಟ್ಟುಕೊಳ್ಳಿ ಎಂದಾಗ ಮುಖ ಗಂಟಿಕ್ಕಿದವರು, ಹಣಮಪ್ಪನ ಪ್ರಸಾದದ ಕಲ್ಲುಸಕ್ಕರೆ ಎಂದಾಗ ತಾವೇ ಪೊಟ್ಟಣ ಕಟ್ಟಿಕೊಂಡರು.

ಮೊನ್ನೆ ಶನಿವಾರ ಮಧ್ಯಾಹ್ನ ಅವರದೇ ಫೋನು. ‘ಬಾಳೆಹಣ್ಣು ತಿಂದೀನವಾ, ಮಷಿನ್ನಿನ್ಯಾಗ 118 ಬಂದೈತಿ. ನಿಂದು ಊಟ ಆತೇನ?’

ಎರಡು ಗಂಟೆಯಾಗಿತ್ತು, ನನ್ನದು ಇನ್ನೂ ಆಗಿರಲಿಲ್ಲ.