ಸೊಂಟದ ಪಿಸ್ತೂಲು, ಮನೆಯ ಕಾವಲು: ಆಯ್ಕೆಗೆ ಮುನ್ನ ಅರಿಯಬೇಕಾದ ಕಾನೂನು

ಅಡಕೆ ತೋಟದ ನಡುವಿನ ಒಂಟಿ ಮನೆಯವರಿಗೂ, ಮಂಡಿಯಿಂದ ನಗದು ಹಿಡಿದು ಹೊತ್ತು ಮುಳುಗಿದ ಮೇಲೆ ಊರು ಸೇರುವ ವ್ಯಾಪಾರಿಗೂ ಒಂದೇ ಪ್ರಶ್ನೆ ಎದುರಾಗುವುದುಂಟು. ಆತ್ಮರಕ್ಷಣೆಗೆ ಪಿಸ್ತೂಲನ್ನು ಹೊಂದಬಹುದೇ? ಹೊಂದಿದರೆ, ಹಗಲಿನಲ್ಲಿ ಜೊತೆಗೆ ಒಯ್ಯುವುದಕ್ಕೂ ರಾತ್ರಿ ಮನೆ ಕಾಯುವುದಕ್ಕೂ ಒಂದೇ ಆಯುಧ ಸಾಕೇ? ಇದಕ್ಕೆ ಅಂತರ್ಜಾಲದ ವಿಡಿಯೋಗಳಲ್ಲಿ ದೊರೆಯುವ ಉತ್ತರಗಳು ಬಹುತೇಕ ಅಮೆರಿಕದವು. ಅಲ್ಲಿ ಚರ್ಚೆಯೆಲ್ಲ ಆಯುಧದ ಅಳತೆ, ತೂಕ ಮತ್ತು ಗುಂಡುಗಳ ಸಂಖ್ಯೆಯನ್ನು ಕುರಿತದ್ದು. ಭಾರತದಲ್ಲಿ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಉತ್ತರದ ಬಹುಭಾಗವನ್ನು ಕಾನೂನು ನಿರ್ಧರಿಸಿರುತ್ತದೆ. ಉಳಿದ ಭಾಗವನ್ನು ನಿರ್ಧರಿಸಬೇಕಾದದ್ದು ಮನೆಯಲ್ಲಿ ಮಕ್ಕಳಿದ್ದಾರೆಯೇ ಎಂಬ ಸಂಗತಿ.

ಅಲ್ಲಿ ಹಕ್ಕು, ಇಲ್ಲಿ ಅನುಮತಿ

ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2008ರ ಹೆಲ್ಲರ್ ಪ್ರಕರಣದಲ್ಲಿ, ಮನೆಯಲ್ಲಿ ಆತ್ಮರಕ್ಷಣೆಗಾಗಿ ಪಿಸ್ತೂಲು ಇರಿಸಿಕೊಳ್ಳುವುದು ಸಂವಿಧಾನದತ್ತವಾದ ವೈಯಕ್ತಿಕ ಹಕ್ಕೆಂದು ಹೇಳಿತು. ಮನೆಯ ಹೊರಗೆ ಒಯ್ಯಲು 'ಸೂಕ್ತ ಕಾರಣ' ತೋರಿಸಬೇಕೆಂಬ ನ್ಯೂಯಾರ್ಕ್ ರಾಜ್ಯದ ನಿಯಮವನ್ನು 2022ರ ಬ್ರೂಯೆನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ರದ್ದುಪಡಿಸಿತು. ಅಲ್ಲಿ ಬಿದ್ದುಹೋದ ಈ ನಿಯಮಕ್ಕೆ ಸಮಾನವಾದುದೇ ಭಾರತದ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಇಂದಿಗೂ ಬಾಗಿಲು ಕಾಯುತ್ತಿದೆ. ನಮ್ಮಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ. ಅದು ಸರ್ಕಾರ ನೀಡುವ, ಕಾರಣವಿದ್ದರೆ ಹಿಂಪಡೆಯಬಹುದಾದ ಅನುಮತಿ.

ಕೋವಿಗೊಂದು ಮಾನ, ಪಿಸ್ತೂಲಿಗೊಂದು ಮಾನ

1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮಿನಲ್ಲಿ ಎರಡು ದಾರಿಗಳಿವೆ. ರಕ್ಷಣೆಗೆ ಅಥವಾ ಕ್ರೀಡೆಗೆ ಬೇಕಾದ, ಕನಿಷ್ಠ 20 ಅಂಗುಲ ಉದ್ದದ ನಯವಾದ ನಳಿಗೆಯುಳ್ಳ ಕೋವಿ ಹಾಗೂ ಬೆಳೆ ರಕ್ಷಣೆಗೆ ಬೇಕಾದ ಕೇಪಿನ ಕೋವಿ ಮೊದಲ ದಾರಿಗೆ ಸೇರಿವೆ. ಇವುಗಳಿಗೆ ಪರವಾನಗಿ ಕೇಳಿದಾಗ, ನಿರಾಕರಣೆಗೆ 14ನೇ ಕಲಮಿನಲ್ಲಿ ಹೇಳಿದ ಕಾರಣಗಳಿಲ್ಲದಿದ್ದರೆ, ಪ್ರಾಧಿಕಾರ ಅದನ್ನು ನೀಡಬೇಕು. ಉಳಿದೆಲ್ಲ ಆಯುಧಗಳಿಗೆ ಎರಡನೆಯ ದಾರಿ. ಅರ್ಜಿದಾರನಿಗೆ 'ಒಳ್ಳೆಯ ಕಾರಣ'ವಿದೆ ಎಂದು ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು. ರಿವಾಲ್ವರ್ ಮತ್ತು ಪಿಸ್ತೂಲು ಈ ಎರಡನೆಯ ದಾರಿಯವು.

ಈ ವ್ಯತ್ಯಾಸಕ್ಕೆ ಅರ್ಥವಿದೆ. ಉದ್ದನೆಯ ಕೋವಿಯನ್ನು ಬಚ್ಚಿಟ್ಟುಕೊಂಡು ಸಂತೆಯಲ್ಲಿ ತಿರುಗಲಾಗದು, ಪಿಸ್ತೂಲನ್ನು ಒಯ್ಯಬಹುದು. ಆದುದರಿಂದ 'ಕಳ್ಳರ ಭಯವಿದೆ' ಎಂಬ ಒಂದು ಸಾಲು ಅರ್ಜಿಯಲ್ಲಿ ಸಾಲದು. ವ್ಯಾಪಾರದ ಸ್ವರೂಪ, ನಗದು ಸಾಗಣೆ, ಹಿಂದೆ ನಡೆದ ಹಲ್ಲೆ ಅಥವಾ ಬೆದರಿಕೆ, ಆ ಬಗ್ಗೆ ಠಾಣೆಯಲ್ಲಿ ನೀಡಿದ ದೂರಿನ ಪ್ರತಿ, ಇಂತಹ ದಾಖಲೆಗಳೇ ಕಾರಣವನ್ನು ಕಾರಣವನ್ನಾಗಿ ಮಾಡುತ್ತವೆ. ಪೊಲೀಸ್ ವರದಿ ಪಡೆದ ಬಳಿಕ ಪ್ರಾಧಿಕಾರವು ತೀರ್ಮಾನಿಸುತ್ತದೆ. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಅರ್ಜಿದಾರ ಕೇಳಿದಾಗ, ಸಾರ್ವಜನಿಕ ಹಿತಕ್ಕೆ ಬಾಧಕವೆಂದು ಕಾಣದಿದ್ದರೆ, ಅದರ ಸಂಕ್ಷಿಪ್ತ ವಿವರಣೆಯನ್ನು ಕೊಡಬೇಕು. ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. 18ನೇ ಕಲಮಿನಂತೆ ಮೇಲ್ಮನವಿಗೆ ಅವಕಾಶವಿದೆ. ಗಡಿನಾಡ ಕನ್ನಡಿಗರು ಇನ್ನೊಂದನ್ನು ನೆನಪಿಡಬೇಕು. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನೀಡಿದೆ. ಮಲಯಾಳ, ಮರಾಠಿ ಅಥವಾ ತಮಿಳಿನಲ್ಲಿ ಬಂದ ಆದೇಶವನ್ನು ಓದಿಸಿಕೊಂಡು ಅರ್ಥಮಾಡಿಕೊಳ್ಳದೆ ಸಹಿ ಹಾಕಬಾರದು.

ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ವಯನಾಡು, ಕಾಸರಗೋಡಿನ ಕೆಲವರು ತಮಗೂ ಅನ್ವಯಿಸಿಕೊಳ್ಳುವುದುಂಟು. ಅದು ತಪ್ಪು. 2029ರ ಅಕ್ಟೋಬರ್ ತನಕ ವಿಸ್ತರಣೆಯಾಗಿರುವ ಆ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಂಬಂಧಿಸಿದ್ದು, ಇತರರಿಗಲ್ಲ.

ಅಂಗಡಿಯಲ್ಲಿ ಉಳಿಯುವ ಆಯ್ಕೆ

ಸೇನೆ ಮತ್ತು ಪೊಲೀಸರ ಗುಂಡುಗಳನ್ನು ಹಾರಿಸಬಲ್ಲ 9 ಮಿ.ಮೀ., .45, .455, .380 ಅಳತೆಯ ಕೈಬಂದೂಕುಗಳು 'ನಿಷೇಧಿತ ಬೋರ್' ವರ್ಗಕ್ಕೆ ಸೇರಿವೆ. ವಿಡಿಯೋಗಳಲ್ಲಿ ಹೊಗಳಿಸಿಕೊಳ್ಳುವ ಬಹುಪಾಲು ಪಿಸ್ತೂಲುಗಳು ಈ ಒಂದೇ ಕಾರಣಕ್ಕೆ ಇಲ್ಲಿ ಸಾಮಾನ್ಯ ನಾಗರಿಕನ ಆಯ್ಕೆಯಿಂದ ಹೊರಗುಳಿಯುತ್ತವೆ. ಉಳಿಯುವುದು ಮುಖ್ಯವಾಗಿ .32 ಬೋರಿನ ಆಯುಧ.

ಕಾನ್ಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾಗುವ ಆರು ಗುಂಡಿನ .32 ರಿವಾಲ್ವರ್ ದೀರ್ಘಕಾಲದಿಂದ ಬಳಕೆಯಲ್ಲಿದೆ. 2014ರಲ್ಲಿ ಮಹಿಳೆಯರನ್ನು ಗಮನದಲ್ಲಿರಿಸಿ ಬಂದ 'ನಿರ್ಭೀಕ್' ಸುಮಾರು 500 ಗ್ರಾಂ ತೂಕದ್ದು; ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. 2023ರಲ್ಲಿ 'ಪ್ರಬಲ್' ಎಂಬ ಇನ್ನೊಂದು ರಿವಾಲ್ವರ್ ಬಂದಿತು.

ಒಯ್ಯುವುದಕ್ಕೂ ಮನೆಗೂ ಒಂದನ್ನೇ ಆರಿಸುವವರು ತೂಗಿ ನೋಡಬೇಕಾದ ವಿಷಯಗಳು ಕೆಲವೇ. ಹಗುರವಾದ, ಗಿಡ್ಡ ನಳಿಗೆಯ ಆಯುಧ ಬಟ್ಟೆಯ ಮರೆಯಲ್ಲಿ ಸುಲಭವಾಗಿ ಇರುತ್ತದೆ. ಆದರೆ ಹಗುರವಾದಷ್ಟೂ ಹಾರಿಸಿದಾಗ ಕೈಗೆ ಬೀಳುವ ಹಿನ್ನೊದೆತ ಹೆಚ್ಚು, ನಳಿಗೆ ಗಿಡ್ಡವಾದಷ್ಟೂ ಗುರಿ ಕಷ್ಟ. ಭಾರವಾದದ್ದು ಕೈಯಲ್ಲಿ ಸ್ಥಿರವಾಗಿ ನಿಲ್ಲುತ್ತದೆ, ದಿನವಿಡೀ ಸೊಂಟದಲ್ಲಿರಲು ತೊಡಕು. ರಿವಾಲ್ವರ್ ಸರಳ; ತಿರುಗಣೆಯನ್ನು ತೆರೆದರೆ ಗುಂಡಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತದೆ. ಪಿಸ್ತೂಲಿನಲ್ಲಿ ಮ್ಯಾಗಜಿನ್ ತೆಗೆದ ಮೇಲೂ ನಳಿಗೆಯಲ್ಲಿ ಒಂದು ಗುಂಡು ಉಳಿದಿರಬಹುದು. 'ಖಾಲಿ ಇದೆ' ಎಂದುಕೊಂಡು ಹಿಡಿದ ಆಯುಧದಿಂದ ಅನಾಹುತವಾಗುವುದು ಇಂತಹ ಕಡೆ. ವರ್ಷಕ್ಕೊಮ್ಮೆ ಮಾತ್ರ ಕೈಗೆತ್ತಿಕೊಳ್ಳುವವರಿಗೆ ಸರಳತೆಯೇ ಮೊದಲ ಗುಣವಾಗಬೇಕು.

ಮರೆಯಲ್ಲಿ ಒಯ್ಯುವುದೇ ನಿಯಮ

ಪಿಸ್ತೂಲನ್ನು ಬಚ್ಚಿಟ್ಟು ಒಯ್ಯುವುದು ತಪ್ಪೆಂದು ಹಲವರ ತಿಳಿವಳಿಕೆ. ಪರವಾನಗಿ ಉಳ್ಳವರ ಮಟ್ಟಿಗೆ ಕಾನೂನು ಇದಕ್ಕೆ ತದ್ವಿರುದ್ಧ. 2016ರ ಶಸ್ತ್ರಾಸ್ತ್ರ ನಿಯಮಗಳ 32ನೇ ನಿಯಮದ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಚರ್ಮದ ಚೀಲ ಅಥವಾ ಅದಕ್ಕಾಗಿಯೇ ಮಾಡಿದ ಹೋಲ್ಡರಿನಲ್ಲಿ, ಮೈಗೆ ಕಟ್ಟಿಕೊಂಡು, ಸಂಪೂರ್ಣ ಮುಚ್ಚಿರಬೇಕು; ಒಯ್ಯುವವನ ಹಿಡಿತದಲ್ಲಿರಬೇಕು. ಎತ್ತಿ ತೋರಿಸುವುದು, ಝಳಪಿಸುವುದು ನಿಷಿದ್ಧ. ಮದುವೆ ಮೆರವಣಿಗೆಯ ಸಂಭ್ರಮದಲ್ಲಿ ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ, 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಒಯ್ಯಬಾರದ ಜಾಗಗಳೂ ಇವೆ. ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ ಹಾಗೂ ಶಿಕ್ಷಣ ಸಂಸ್ಥೆಯ ಆವರಣ ಪರವಾನಗಿಯ ಷರತ್ತಿನಲ್ಲಿಯೇ ನಿಷಿದ್ಧ. ಮಗುವನ್ನು ಶಾಲೆಗೆ ಬಿಡಲು ಹೋಗುವ ತಂದೆ ಆಯುಧವನ್ನು ಕಾರಿನಲ್ಲಿ ಬಿಟ್ಟು ಒಳಗೆ ಹೋದರೆ ಷರತ್ತು ಪಾಲಿಸಿದಂತಾಗದು. ಕಾರು ಆವರಣದೊಳಗಿದ್ದರೆ ಆಯುಧವೂ ಆವರಣದೊಳಗೆ, ಹೊರಗಿದ್ದರೆ ಅದು ಯಾರ ಹಿಡಿತದಲ್ಲೂ ಇಲ್ಲ. ಶಾಲೆಗೆ ಹೊರಡುವ ದಿನ ಆಯುಧ ಮನೆಯಲ್ಲಿ ಬೀಗದೊಳಗಿರಬೇಕು.

ತಲಪಾಡಿ ದಾಟಿದರೆ

ಗಡಿನಾಡಿನವರಿಗೆ ಎಲ್ಲಕ್ಕಿಂತ ಹತ್ತಿರದ ಅಪಾಯ ಇದು. ಪ್ರತಿ ಪರವಾನಗಿಯಲ್ಲೂ ಅದು ಊರ್ಜಿತವಾಗಿರುವ ಪ್ರದೇಶವನ್ನು ಬರೆದಿರುತ್ತದೆ. ಕೇರಳಕ್ಕೆ ಸೀಮಿತವಾದ ಪರವಾನಗಿಯೊಂದಿಗೆ ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೋ ಅಂಗಡಿಗೋ ಹೋದವನ ಕೈಯಲ್ಲಿರುವ ಕಾಗದಕ್ಕೆ ಅಲ್ಲಿ ಬಲವಿಲ್ಲ. ಜತ್ತದಿಂದ ವಿಜಯಪುರಕ್ಕೆ, ತಾಳವಾಡಿಯಿಂದ ಚಾಮರಾಜನಗರಕ್ಕೆ ಹೋಗುವವರದೂ ಇದೇ ಸ್ಥಿತಿ. ಬಂಧುಬಳಗ, ಮಾರುಕಟ್ಟೆ, ಆಸ್ಪತ್ರೆ ಎಲ್ಲವೂ ಗಡಿಯ ಆಚೆಗಿರುವ ಜನರಿಗೆ ಆ ರೇಖೆ ದಿನನಿತ್ಯ ಕಾಣುವುದಿಲ್ಲ. ತಪಾಸಣೆಯ ದಿನ ಕಾಣುತ್ತದೆ. ಪರವಾನಗಿಯಿಲ್ಲದೆ ಬಂದೂಕು ಹೊಂದಿದ ಅಪರಾಧಕ್ಕೆ 25ನೇ ಕಲಮಿನಂತೆ ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಸೆರೆವಾಸವಿದೆ. ಆರೋಪ ಯಾವ ಕಲಮಿನಡಿ ನಿಂತರೂ ಆಯುಧ ಜಪ್ತಿ, ಪರವಾನಗಿ ರದ್ದು, ನ್ಯಾಯಾಲಯಕ್ಕೆ ವರ್ಷಗಟ್ಟಲೆ ಅಲೆದಾಟ ತಪ್ಪದು. ಗಡಿಯಾಚೆಗೆ ಒಯ್ಯುವ ಅಗತ್ಯ ನಿಜವಾಗಿ ಇದ್ದರೆ ವ್ಯಾಪ್ತಿ ವಿಸ್ತರಣೆಗೆ ಮೊದಲೇ ಅರ್ಜಿ ಸಲ್ಲಿಸಬೇಕು.

ಅಟ್ಟದ ಮೇಲಿರುವ ಅಜ್ಜನ ಕೋವಿಗೂ ಇದೇ ಎಚ್ಚರ ಬೇಕು. ಪರವಾನಗಿದಾರ ತೀರಿಕೊಂಡ ಮೇಲೆ ಅದನ್ನು ಹಾಗೆಯೇ ಇರಿಸಿಕೊಳ್ಳುವಂತಿಲ್ಲ. ವಾರಸುದಾರರು ವಿಳಂಬವಿಲ್ಲದೆ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಮಾರಾಟಗಾರನಲ್ಲಿ ಠೇವಣಿಯಿಟ್ಟು, ಬೇಕಿದ್ದರೆ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬೇಕು.

ಬೀಗವೋ, ತಲೆದಿಂಬೋ?

ಒಂದೇ ಆಯುಧದಿಂದ ಎರಡೂ ಕೆಲಸವಾಗಬೇಕೆಂಬ ಬಯಕೆಯ ನಿಜವಾದ ಬಿಕ್ಕಟ್ಟು ಇರುವುದು ಮನೆಯೊಳಗೆ. ಒಯ್ಯುವ ಆಯುಧ ಕೈಗೆ ಹತ್ತಿರವಿರಬೇಕು, ಗುಂಡು ತುಂಬಿರಬೇಕು. ಮಕ್ಕಳಿರುವ ಮನೆಯ ಆಯುಧ ದೂರವಿರಬೇಕು, ಖಾಲಿಯಾಗಿರಬೇಕು, ಗುಂಡುಗಳು ಬೇರೆ ಬೀಗದಲ್ಲಿರಬೇಕು. ಹೊರಗಿನಿಂದ ಬಂದವರು ಅಂಗಿ ಬಿಚ್ಚುವ ಹೊತ್ತಿಗೆ ಆಯುಧವನ್ನು ಹಾಸಿಗೆಯ ಮೇಲೋ ಟೀವಿಯ ಪಕ್ಕವೋ ಇಟ್ಟು ಕೈಕಾಲು ತೊಳೆಯಲು ಹೋಗುವ ಐದು ನಿಮಿಷವೇ ಅಪಾಯದ ಗಳಿಗೆ. ತಲೆದಿಂಬಿನಡಿಯ ರಿವಾಲ್ವರ್ ಕಳ್ಳ ಬರುವ ಒಂದು ರಾತ್ರಿಗೆ ಸಿದ್ಧವಾಗಿರಬಹುದು. ಮಿಕ್ಕ ಹಗಲುಗಳಲ್ಲೆಲ್ಲ ಮಕ್ಕಳ ಕೈಗೂ ಸಿದ್ಧವಾಗಿರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ 2.6 ಕೋಟಿ ವಯಸ್ಕರನ್ನು ಹನ್ನೆರಡು ವರ್ಷ ಅನುಸರಿಸಿ ನೋಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಪಿಸ್ತೂಲು ಹೊಂದಿದ್ದ ಪುರುಷರು ಗುಂಡು ಹಾರಿಸಿಕೊಂಡು ಸಾಯುವ ಪ್ರಮಾಣ ಹೊಂದಿರದವರಿಗಿಂತ ಸುಮಾರು 8 ಪಟ್ಟು, ಮಹಿಳೆಯರಲ್ಲಿ 35 ಪಟ್ಟಿಗೂ ಹೆಚ್ಚು ಎಂದು ಅದು ಕಂಡುಕೊಂಡಿತು. ಭಾರತದ ಪರಿಸ್ಥಿತಿ ಬೇರೆ. ಆದರೂ ಪರೀಕ್ಷೆಯ ಫಲಿತಾಂಶ, ಸಾಲ, ಮನಸ್ತಾಪ ಇವುಗಳಿಂದ ಕುಗ್ಗಿದ ಮನಸ್ಸಿನ ಕೈಗೆ ಆಯುಧ ಸಿಗದಂತೆ ಮಾಡುವುದು ಮನೆಯ ಹಿರಿಯರ ಹೊಣೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗದು. ಬೀಗದ ಕೈ ಎಲ್ಲಿದೆಯೆಂದು ಮನೆಯ ಮಕ್ಕಳಿಗೆ ತಿಳಿದಿದ್ದರೆ ಆ ಬೀಗ ಹಾಕಿಯೂ ಹಾಕದಂತೆಯೇ.

ಗುಂಡು ಹಾರಿದ ಮೇಲೆ

ಖಾಸಗಿ ರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ವಿವರಿಸುತ್ತವೆ. ಪ್ರಾಣಾಪಾಯ ಅಥವಾ ತೀವ್ರ ಗಾಯದ ನ್ಯಾಯಯುತ ಭೀತಿಯಿದ್ದಾಗ, ದರೋಡೆಯಲ್ಲಿ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ನಡೆಯುವ ಕನ್ನದಲ್ಲಿ ಈ ಹಕ್ಕು ಎದುರಾಳಿಯ ಸಾವಿನವರೆಗೂ ವಿಸ್ತರಿಸಬಹುದು. ಇದಕ್ಕೆ 37ನೇ ಕಲಂ ಮಿತಿ ಹಾಕಿದೆ. ಅಗತ್ಯಕ್ಕಿಂತ ಹೆಚ್ಚಿನ ಹಾನಿ ಸಲ್ಲದು. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ. ಕನ್ನದ ಸಂದರ್ಭದಲ್ಲಿ ಮನೆಯೊಳಗಿನ ಅತಿಕ್ರಮಣ ಮುಂದುವರಿಯುವವರೆಗೆ ಮಾತ್ರ ಹಕ್ಕಿರುತ್ತದೆ. ಬರಿಗೈಯಲ್ಲಿ ಅಂಗಳ ದಾಟಿ ಓಡುವವನ ಬೆನ್ನಿಗೆ ಹಾರಿದ ಗುಂಡು ಮನೆಯವನನ್ನೇ ಆರೋಪಿಯ ಕಟಕಟೆಗೆ ತರಬಹುದು.

2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ, ಹೊಲದ ವಿವಾದದಲ್ಲಿ ತಂದೆಯ ಮೇಲೆ ಹರಿತವಾದ ಆಯುಧದಿಂದ ಹಲ್ಲೆಯಾದಾಗ ಮಗ ಬಂದೂಕು ಹಾರಿಸಿದ್ದ. ಅಪಾಯದ ಗಳಿಗೆಯಲ್ಲಿರುವವನ ಪ್ರತಿಕ್ರಿಯೆಯನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದೆಂಬ ತತ್ವವನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್ ಅವನನ್ನು ಖುಲಾಸೆಗೊಳಿಸಿತು. ಆದರೆ ಆ ಬಿಡುಗಡೆಗೆ ಮುನ್ನ ಹೈಕೋರ್ಟಿನಲ್ಲಿ ಅವನಿಗೆ ಶಿಕ್ಷೆಯಾಗಿತ್ತು. ಕಾನೂನು ರಕ್ಷಿಸುತ್ತದೆ; ಕೊಲೆಯ ಮೊಕದ್ದಮೆಯನ್ನು ದಾಟಿಸಿ ರಕ್ಷಿಸುತ್ತದೆ.

ಆಯ್ಕೆಯ ಕ್ರಮ

ಇಷ್ಟನ್ನು ಒಟ್ಟಿಗೆ ನೋಡಿದರೆ ಆಯ್ಕೆಯ ಕ್ರಮವೇ ಬದಲಾಗುತ್ತದೆ. ಮನೆಯ ರಕ್ಷಣೆಯೊಂದೇ ಉದ್ದೇಶವಾದರೆ ಮೊದಲು ಬಲವಾದ ಬಾಗಿಲು, ಅಂಗಳದ ದೀಪ, ನಾಯಿ, ನೆರೆಯವರೊಂದಿಗೆ ಒಪ್ಪಂದ, 112ಕ್ಕೆ ಕರೆ ಮಾಡಲು ಮನೆಮಂದಿಗೆಲ್ಲ ತಿಳಿವಳಿಕೆ. ಅದರ ಮೇಲೂ ಆಯುಧ ಬೇಕೆನಿಸಿದರೆ ಕಾನೂನಿನ ಹಾದಿ ಸುಲಭವಿರುವ ಕೋವಿ. ಹಣ ಸಾಗಣೆಯೇ ಚಿಂತೆಯಾದರೆ ಬ್ಯಾಂಕಿನ ಮೂಲಕ ಪಾವತಿ ಪಡೆದು ನಗದನ್ನು ಕಡಿಮೆ ಮಾಡುವುದು ಯಾವ ರಿವಾಲ್ವರಿಗಿಂತಲೂ ಅಗ್ಗ. ಇವೆರಡೂ ಸಾಲದ, ಬೆದರಿಕೆಗೆ ದಾಖಲೆಯಿರುವ ಕುಟುಂಬಕ್ಕೆ ಕೈಬಂದೂಕು ಕೊನೆಯ ಆಯ್ಕೆ. ಆಗ ಆಯುಧಕ್ಕಿಂತ ಮೊದಲು ಕೊಳ್ಳಬೇಕಾದದ್ದು ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆ. ನಿಯಮದಂತೆ ಸುರಕ್ಷತಾ ತರಬೇತಿ ಪಡೆಯಬೇಕು. ಪರವಾನಗಿಯಲ್ಲಿ ಬರೆದ ವ್ಯಾಪ್ತಿ, ಗುಂಡುಗಳ ಮಿತಿ ಮತ್ತು ನವೀಕರಣದ ದಿನಾಂಕ ಬಾಯಿಪಾಠವಾಗಬೇಕು. ಪರವಾನಗಿಯ ಅವಧಿ ಈಗ 5 ವರ್ಷ. ಚುನಾವಣೆ ಬಂದಾಗ ಆಯುಧವನ್ನು ಠಾಣೆಗೆ ಒಪ್ಪಿಸುವ ಆದೇಶ ಬಂದರೆ ರಸೀದಿ ಪಡೆದು ಒಪ್ಪಿಸಬೇಕು.

ಈ ಕರ್ತವ್ಯಗಳನ್ನು ಪ್ರತಿದಿನ ತಪ್ಪದೆ ನಡೆಸಬಲ್ಲೆವೇ ಎಂಬ ಪ್ರಶ್ನೆಗೆ ಮನೆಯ ಹಿರಿಯರು ಒಟ್ಟಿಗೆ ಕುಳಿತು ಪ್ರಾಮಾಣಿಕವಾಗಿ ಉತ್ತರಿಸಿಕೊಂಡ ಮೇಲೆ, ಯಾವ ಪಿಸ್ತೂಲು ಎಂಬ ಪ್ರಶ್ನೆ ಚಿಕ್ಕದಾಗುತ್ತದೆ. 'ಇಲ್ಲ' ಎಂಬುದು ಉತ್ತರವಾದರೆ, ಅರ್ಜಿ ಹಾಕದಿರುವುದೇ ಆ ಮನೆಯ ಸರಿಯಾದ ಆಯ್ಕೆ.