ತಮಿಳು ಪಾಠದಲ್ಲಿ ಕನ್ನಡದ ಮಗು: ತರಗತಿ ಒಂದು, ಹಂತ ಹಲವು

ತಮಿಳಿನಲ್ಲಿ ಮಗುವಿಗೆ 38 ಅಂಕ ಬಂದಿದೆಯೆಂದರೆ ಪೋಷಕರಿಗೆ ತಿಳಿಯುವುದೇನು? ಉತ್ತೀರ್ಣತೆಗೆ ಬೇಕಾದ 35ಕ್ಕಿಂತ ಮೂರು ಅಂಕ ಹೆಚ್ಚು ಎಂಬುದಷ್ಟೇ. ಮಗು ತಮಿಳನ್ನು ಕೇಳಿ ಗ್ರಹಿಸಬಲ್ಲದೇ, ಹೊಸ ಪುಟವೊಂದನ್ನು ಓದಬಲ್ಲದೇ, ನಾಲ್ಕು ಸಾಲು ಸ್ವಂತವಾಗಿ ಬರೆಯಬಲ್ಲದೇ ಎಂಬುದನ್ನು ಆ ಅಂಕ ಹೇಳುವುದಿಲ್ಲ. ಆದರೂ ಆ ಒಂದು ಅಂಕವನ್ನು ನೆಚ್ಚಿ ಮಗುವನ್ನು ಕನ್ನಡ ಮಾಧ್ಯಮದಿಂದ ಬಿಡಿಸುವ ಆಲೋಚನೆ ಗಡಿ ಭಾಗದ ಮನೆಗಳಲ್ಲಿ ಆಗಾಗ ಹುಟ್ಟುತ್ತದೆ. ಆದ್ದರಿಂದ ಈ ಅಳತೆಗೋಲನ್ನೇ ಸ್ವಲ್ಪ ಪರಿಶೀಲಿಸುವುದು ಒಳಿತು.

2006ರ ತಮಿಳು ಕಲಿಕಾ ಕಾಯಿದೆಯು 2006-07ರಲ್ಲಿ ಒಂದನೆಯ ತರಗತಿಯಿಂದ ಆರಂಭವಾಗಿ ವರ್ಷಕ್ಕೊಂದು ತರಗತಿಯಂತೆ ಮೇಲೇರಿ, 2015-16ರಲ್ಲಿ ಹತ್ತನೆಯ ತರಗತಿಯನ್ನು ತಲುಪಿತು. ಅದರಂತೆ ತಮಿಳು ಎಲ್ಲರಿಗೂ ಮೊದಲ ಭಾಗದ ಕಡ್ಡಾಯ ಭಾಷೆ. ಅಲ್ಪಸಂಖ್ಯಾತರ ಮಾತೃಭಾಷೆಗೆ ಐಚ್ಛಿಕ ಸ್ಥಾನ. ಮುಂದೆ ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಮೊರೆಹೊಕ್ಕರು. 2023ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ವರ್ಷದ ವಿನಾಯಿತಿ ನೀಡಿತು. ವಿನಾಯಿತಿ ಬೇಕೇ ಬೇಡವೇ ಎಂಬ ಚರ್ಚೆ ಬಹಳ ನಡೆದಿದೆ. ತಮಿಳನ್ನು ಕಲಿಯಲೇಬೇಕಾದ ಮಗುವಿಗೆ ಅದನ್ನು ಯಾವ ಹಂತದಿಂದ ಕಲಿಸಬೇಕೆಂಬ ಚರ್ಚೆ ಮಾತ್ರ ಹಿಂದೆಯೇ ಉಳಿಯಿತು.

ಕನ್ನಡದ ಮಗುವಿನ ತಮಿಳು ಎಲ್ಲ ಕಡೆಯೂ ಒಂದೇ ಎತ್ತರದಲ್ಲಿರುವುದಿಲ್ಲ. ಮೋಯಾರಿನಿಂದ ಮಸಿನಗುಡಿಗೆ ಬಸ್ಸಿನಲ್ಲಿ ಬರುವ ಹುಡುಗಿಗೆ ಸಹಪ್ರಯಾಣಿಕರ ತಮಿಳು ಸಲೀಸಾಗಿ ಅರ್ಥವಾಗಬಹುದು. ನಮ್ಮ ಹಾಲು ಅವರ ‘ಪಾಲ್’, ನಮ್ಮ ಹುಲಿ ಅವರ ‘ಪುಲಿ’ ಎಂಬ ನಂಟನ್ನು ಮಕ್ಕಳು ತಾವಾಗಿಯೇ ಹಿಡಿಯುತ್ತಾರೆ. ತೊಡಕು ಪುಸ್ತಕ ತೆರೆದಾಗ ಎದುರಾಗುತ್ತದೆ. ಕನ್ನಡದಲ್ಲಿ ಕ, ಖ, ಗ, ಘ ಎಂಬ ನಾಲ್ಕು ಅಕ್ಷರಗಳಿರುವಲ್ಲಿ ತಮಿಳಿನಲ್ಲಿರುವುದು ಒಂದೇ. ಅದನ್ನು ಎಲ್ಲಿ ‘ಕ’ ಎಂದೂ ಎಲ್ಲಿ ‘ಗ’ ಎಂದೂ ಓದಬೇಕೆಂಬುದು ಪದದೊಳಗಿನ ಸ್ಥಾನದಿಂದ ತಿಳಿಯಬೇಕು. ಮನೆಯಲ್ಲಿ ತಮಿಳಾಡುವ ಮಗುವಿಗೆ ಪದ ಮೊದಲೇ ಗೊತ್ತಿರುವುದರಿಂದ ಇದು ಸಮಸ್ಯೆಯೆನಿಸುವುದಿಲ್ಲ. ಬರೆದಂತೆ ಓದುವುದನ್ನು ಕನ್ನಡದಲ್ಲಿ ರೂಢಿಸಿಕೊಂಡ ಮಗು ಇಲ್ಲಿ ತಡವರಿಸುತ್ತದೆ. ಇದರ ಜೊತೆಗೆ ಆಡುನುಡಿಗೂ ಗ್ರಂಥಭಾಷೆಗೂ ಇರುವ ಅಂತರ. ಬೀದಿಯ ‘ವಂದಾಂಗ’ ಪುಸ್ತಕದಲ್ಲಿ ‘ವಂದಾರ್ಗಳ್’ ಆಗಿರುತ್ತದೆ. ಹೀಗಾಗಿ ಒಂದೇ ಮಗು ಕೇಳುವುದರಲ್ಲಿ ಮುಂದಿದ್ದು, ಓದುವುದರಲ್ಲಿ ನಡುವಿನಲ್ಲಿದ್ದು, ಬರೆಯುವುದರಲ್ಲಿ ಆರಂಭದ ಮೆಟ್ಟಿಲಲ್ಲೇ ಇರಬಹುದು. ಇದಕ್ಕೆ ವಿರುದ್ಧವಾದ ಮಗುವೂ ಉಂಟು: ಪದ್ಯವನ್ನು ಕಂಠಪಾಠ ಮಾಡಿ ಅಂಕ ಗಳಿಸಿ, ಅಂಗಡಿಯಲ್ಲಿ ಬಾಯಿ ತೆರೆಯದ ಮಗು.

ಹಂತವನ್ನು ಕಂಡುಕೊಳ್ಳಲು ದೊಡ್ಡ ಪರೀಕ್ಷೆಯೇನೂ ಬೇಕಿಲ್ಲ. 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯ ಓದಿನ ಪರೀಕ್ಷೆ ಒಂದು ಹಾಳೆಯಷ್ಟೇ: ಅಕ್ಷರ, ಪದ, ಸರಳ ವಾಕ್ಯಗಳು, ಪುಟ್ಟ ಕಥೆ. ಮಗು ವಾಕ್ಯಗಳನ್ನು ಸರಾಗವಾಗಿ ಓದಿದರೆ ಕಥೆ ಕೊಡುವುದು, ಎಡವಿದರೆ ಪದಗಳಿಗೆ ಇಳಿಯುವುದು. ಐದು ಪದಗಳಲ್ಲಿ ನಾಲ್ಕನ್ನು ಸರಿಯಾಗಿ ಓದಿದರೆ ಅದು ಪದದ ಹಂತ. ಇದಕ್ಕೆ ಕೆಲವು ನಿಮಿಷಗಳ ಮಾತುಕತೆಯನ್ನೂ ಎರಡು ಸಾಲಿನ ಬರವಣಿಗೆಯನ್ನೂ ಸೇರಿಸಿದರೆ ಶಿಕ್ಷಕರಿಗೆ ಬೇಕಾದುದು ದೊರೆಯುತ್ತದೆ. ಯುರೋಪಿನಲ್ಲಿ 2001ರಲ್ಲಿ ಪ್ರಕಟವಾದ ಭಾಷಾ ಚೌಕಟ್ಟು ಎ1ರಿಂದ ಸಿ2ರವರೆಗೆ ಆರು ಹಂತಗಳನ್ನು ಗುರುತಿಸುವಾಗಲೂ ಕೇಳುವುದು, ಓದುವುದು, ಮಾತು, ಬರಹಗಳನ್ನು ಬೇರೆ ಬೇರೆಯಾಗಿಯೇ ವಿವರಿಸುತ್ತದೆ.

ಒಬ್ಬರೇ ಶಿಕ್ಷಕರು ಹಲವು ಹಂತಗಳನ್ನು ಹೇಗೆ ನಿಭಾಯಿಸಬೇಕೆಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಬಂಡೀಪುರ ಕಾಡಿನ ಆಚೆ ಬದಿಯಲ್ಲೇ ಇದೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ‘ನಲಿ-ಕಲಿ’ಯಲ್ಲಿ ಮಕ್ಕಳು ತರಗತಿಯ ಪ್ರಕಾರವಲ್ಲದೆ, ತಾವು ಏರಿದ ಮೆಟ್ಟಿಲಿನ ಪ್ರಕಾರ ಗುಂಪುಗೂಡಿ, ಕಾರ್ಡುಗಳ ಮೂಲಕ ಕಲಿಯುತ್ತಾರೆ. ತಮಿಳುನಾಡು ಕೂಡ ಈ ದಾರಿಗೆ ಹೊಸದಲ್ಲ. 2022ರ ಜೂನ್‌ನಲ್ಲಿ ಒಂದರಿಂದ ಮೂರನೆಯ ತರಗತಿಗಳಿಗೆ ತಂದು, ಮರುವರ್ಷ ಐದನೆಯ ತರಗತಿಯವರೆಗೆ ವಿಸ್ತರಿಸಿದ ‘ಎಣ್ಣುಂ ಎಳುತ್ತುಂ’ ಯೋಜನೆಯಲ್ಲಿ ಅರುಂಬು, ಮೊಟ್ಟು, ಮಲರ್ ಎಂಬ ಮೂರು ಹಂತಗಳಿವೆ. ಎಳೆಯ ಮೊಗ್ಗು, ಬಿರಿಯಲಿರುವ ಮೊಗ್ಗು, ಹೂವು ಎನ್ನಬಹುದು. ಹೆಸರು ಚೆನ್ನಾಗಿದೆ. ಹೆಸರಷ್ಟೇ ಚೆನ್ನಾಗಿರಬಾರದು, ಅನ್ನಿ.

ಏಕೆಂದರೆ ಅಪಾಯವಿರುವುದು ಇಲ್ಲಿಯೇ. ಜೂನ್‌ನಲ್ಲಿ ಕೆಳಗಿನ ಗುಂಪಿಗೆ ಸೇರಿದ ಮಗು ಮಾರ್ಚ್‌ನಲ್ಲೂ ಅಲ್ಲೇ ಕುಳಿತಿದ್ದರೆ ಅದು ಹಂತವಾಗಿ ಉಳಿಯದೆ ಹಣೆಪಟ್ಟಿಯಾಗುತ್ತದೆ. ಆ ಗುಂಪಿನಲ್ಲಿ ಕನ್ನಡ ಮನೆಯ ಮಕ್ಕಳೇ ತುಂಬಿದ್ದರಂತೂ ದಡ್ಡತನಕ್ಕೆ ಭಾಷೆಯ ಹೆಸರು ಅಂಟಿಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ ಗುಂಪನ್ನು ಆರೇಳು ವಾರಗಳಿಗೊಮ್ಮೆ ಮರುವಿಂಗಡಿಸಬೇಕು. ಗುಂಪು ತಮಿಳಿನ ಅವಧಿಗೆ ಮಾತ್ರ ಸೀಮಿತವಾಗಿರಬೇಕು. ಗಣಿತದಲ್ಲಿ ಮುಂದಿರುವ ಮಗುವನ್ನು ತಮಿಳಿನ ಕಾರಣಕ್ಕೆ ಗಣಿತದಲ್ಲೂ ಹಿಂದೆ ಕೂರಿಸುವುದು ಅನ್ಯಾಯ.

ಮೌಲ್ಯಮಾಪನದಲ್ಲಿ ಎರಡು ಸಂಗತಿಗಳು ಪ್ರತ್ಯೇಕವಾಗಿ ದಾಖಲಾಗಬೇಕು: ಮಗು ಈಗ ಎಲ್ಲಿದೆ, ಹಿಂದಿನ ಪರೀಕ್ಷೆಯಿಂದ ಎಷ್ಟು ಸಾಗಿದೆ. ಅಕ್ಷರದಿಂದ ವಾಕ್ಯಕ್ಕೆ ಬಂದ ಮಗು ಒಂದೇ ವರ್ಷದಲ್ಲಿ ಬಹುದೂರ ಕ್ರಮಿಸಿದೆ. ಸಾಮಾನ್ಯ ಪ್ರಶ್ನೆಪತ್ರಿಕೆಯಲ್ಲಿ ಅದು ಇನ್ನೂ ಅನುತ್ತೀರ್ಣವೇ. ಪೋಷಕರು ಶಾಲಾ ಆಡಳಿತ ಸಮಿತಿಯ ಸಭೆಯಲ್ಲಿ ಅಂಕದ ಬದಲು ಹಂತವನ್ನು ಕೇಳಲಿ, ಜೂನ್ ಮತ್ತು ಡಿಸೆಂಬರ್ ತಿಂಗಳ ಬರವಣಿಗೆಯ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ.

ಹತ್ತನೆಯ ತರಗತಿಯ ವಿಚಾರ ಶಾಲೆಯ ಕೈಯಲ್ಲಿಲ್ಲ. ಅದು ಸರ್ಕಾರದ ನೀತಿಗೆ ಸೇರಿದ್ದು. ಕರ್ನಾಟಕದ ಪ್ರೌಢಶಾಲೆಗಳಲ್ಲಿ ಪ್ರಥಮ ಭಾಷೆಗೆ ‘ಸಿರಿ ಕನ್ನಡ’, ದ್ವಿತೀಯ ಭಾಷೆಗೆ ‘ತಿಳಿ ಕನ್ನಡ’, ತೃತೀಯ ಭಾಷೆಗೆ ‘ನುಡಿ ಕನ್ನಡ’ ಎಂಬ ಬೇರೆ ಬೇರೆ ಪಠ್ಯಗಳಿವೆ. ಕನ್ನಡ ಮನೆಮಾತಲ್ಲದ ಮಗು ಅಲ್ಲಿ ತನ್ನ ಅಳವಿಗೆ ತಕ್ಕ ಪತ್ರಿಕೆ ಬರೆಯಬಹುದು. ಅಂಥದೇ ‘ದ್ವಿತೀಯ ಭಾಷೆ ತಮಿಳು’ ಪಠ್ಯವೂ ಪ್ರಶ್ನೆಪತ್ರಿಕೆಯೂ ತಮಿಳುನಾಡಿನ ಅಲ್ಪಸಂಖ್ಯಾತ ಮಕ್ಕಳಿಗೆ ಬೇಕು. ಪದ್ಯದ ಕಂಠಪಾಠ ಕಡಿಮೆಯಾಗಿ, ಸೂಚನಾಫಲಕ ಓದುವುದು, ಅರ್ಜಿ ಬರೆಯುವುದು, ಕೇಳಿದ್ದನ್ನು ಎರಡು ಮಾತಿನಲ್ಲಿ ಹೇಳುವುದು ಅದರಲ್ಲಿರಲಿ. ವಿನಾಯಿತಿಗಾಗಿ ವರ್ಷವರ್ಷವೂ ನ್ಯಾಯಾಲಯದತ್ತ ನೋಡುವುದಕ್ಕಿಂತ ಈ ಬೇಡಿಕೆಯನ್ನು ಶಿಕ್ಷಣ ಇಲಾಖೆಯ ಮುಂದಿಡಲು ತಾಳವಾಡಿ, ಹೊಸೂರು, ನೀಲಗಿರಿಯ ಕನ್ನಡ ಪೋಷಕರು ಒಟ್ಟಾಗಿ ಸಹಿ ಹಾಕುವ ಮನವಿಯೊಂದು ಮೊದಲು ಸಿದ್ಧವಾಗಬೇಕಿದೆ.